ಆರ್‌ಎಕ್ಸ್ 100ಕ್ಕೆ ಅಲ್ಯೂಮಿನಿಯಂ ರಿಮ್: ಹಗುರ ಮಾಡಲು ಹೋಗಿ ಚಾಸಿ ತನಕ ಬಿಚ್ಚಿದ್ದು

ಗಾಡಿ ಯಮಹಾ ಆರ್‌ಎಕ್ಸ್ 100, 1992ರ ಮಾಡೆಲ್, ಕೆಎ 14. ಊರು ಶಿವಮೊಗ್ಗ. ಕೆಲಸ ಶುರು ಮಾಡಿದ್ದು 2025ರ ಜನವರಿ 5. ಮೂರು ಭಾನುವಾರದಲ್ಲಿ ಮುಗಿಸ್ತೀನಿ ಅಂತ ಮನೆಯಲ್ಲಿ ಹೇಳಿದ್ದೆ. ಇವತ್ತು ಏಪ್ರಿಲ್ 20. ಇನ್ನೂ ಒಂದು ಕೆಲಸ ಬಾಕಿ ಇದೆ.

ಇದು ನಮ್ಮ ಚಿಕ್ಕಪ್ಪ ಓಡಿಸುತ್ತಿದ್ದ ಗಾಡಿ. ಎಂಜಿನ್ ಚೆನ್ನಾಗಿದೆ, ಅದರ ಬಗ್ಗೆ ಇಲ್ಲಿ ಏನೂ ಬರೆಯಲ್ಲ. ತೊಂದರೆ ಇದ್ದದ್ದು ಓಡಾಟದಲ್ಲಿ. 50ರ ಮೇಲೆ ಹ್ಯಾಂಡಲ್ ಸಡಿಲ ಬಿಟ್ಟರೆ ಎಡಕ್ಕೆ ಎಳೆಯುತ್ತಿತ್ತು. ಎರಡೂ ರಿಮ್ಮಿಗೆ ತುಕ್ಕು ಹಿಡಿದಿತ್ತು. ಹಿಂದಿನ ವ್ಹೀಲ್ ತಿರುಗಿಸಿದರೆ ಔಟ್ (ರಿಮ್ ಓಲಾಡುವುದು) ಕಣ್ಣಿಗೇ ಕಾಣುತ್ತಿತ್ತು. ಹಾಗಾಗಿ ತಪ್ಪೆಲ್ಲ ರಿಮ್ಮಿನದೇ ಅಂತ ತೀರ್ಮಾನ ಮಾಡಿಬಿಟ್ಟೆ. ಹೇಗೂ ಬದಲಾಯಿಸ್ತೀನಲ್ಲ, ಹಗುರದ್ದೇ ಹಾಕೋಣ ಅಂತ ಆಸೆ. ಈ ತೀರ್ಮಾನಕ್ಕೆ ಮುಂಚೆ, ಎರಡೂ ಚಕ್ರ ಒಂದೇ ಸಾಲಿನಲ್ಲಿವೆಯಾ ಅಂತ ಹತ್ತು ರೂಪಾಯಿ ದಾರ ಕಟ್ಟಿ ನೋಡಿದ್ದರೆ ಈ ಬರಹ ಅರ್ಧ ಇರುತ್ತಿತ್ತು.

ಹಂತ 1: ತೂಕ (ಜನವರಿ 5)

ಮೊದಲು ಮನಸ್ಸಿನಲ್ಲಿದ್ದದ್ದು ಅಲಾಯ್ ವ್ಹೀಲ್. 150 ಸಿಸಿ ಗಾಡಿಯ ಹಳೆಯ ಅಲಾಯ್ ಹಾಕಿಸಿಕೊಂಡವರನ್ನು ನೋಡಿದ್ದೆ. ಗುಜರಿಯಲ್ಲಿ ಒಂದು ಹಿಂದಿನ ಅಲಾಯ್ ಸಿಕ್ಕಿತು. ಕೊಳ್ಳುವ ಮುಂಚೆ ಪಕ್ಕದ ಹಳೆ ಪೇಪರ್ ಅಂಗಡಿಯ ತಕ್ಕಡಿಗೆ ಇಟ್ಟೆ. 5.3 ಕೆ.ಜಿ. ಮನೆಗೆ ಬಂದು ನನ್ನ ಹಿಂದಿನ ವ್ಹೀಲ್‌ನಿಂದ ಟೈರ್, ಟ್ಯೂಬ್, ಸ್ಪ್ರಾಕೆಟ್ ಬಿಚ್ಚಿ ತೂಗಿದೆ. ಹಬ್ (ಚಕ್ರದ ನಡುವಿನ ಭಾಗ), ಕಡ್ಡಿ (ಸ್ಪೋಕ್), ಕಬ್ಬಿಣದ ರಿಮ್ ಎಲ್ಲ ಸೇರಿ 5.1. ಅಂದರೆ ಅಲಾಯ್ ಹಾಕಿದರೆ ಗಾಡಿ ಹಗುರ ಆಗಲ್ಲ, ಭಾರ ಆಗುತ್ತೆ. ಎರಕ ಹೊಯ್ದ ಅಲಾಯ್ ಗಟ್ಟಿಯಾಗಿರಬೇಕು ಅಂದರೆ ದಪ್ಪ ಇರಲೇಬೇಕು. ಹೆಸರು ಕೇಳಿ ಹಗುರ ಅಂದುಕೊಳ್ಳೋದು ಸುಮ್ನೆ. ಅದರ ಮೇಲೆ ಆಕ್ಸಲ್ ದಪ್ಪ ಬೇರೆ, ಬುಶ್ ಹಾಕಿಸಬೇಕು, ಸ್ಪ್ರಾಕೆಟ್ ಸಾಲು ತಪ್ಪುತ್ತೆ.

ಹಾಗಾಗಿ ಹಬ್ ಹಳೆಯದೇ ಇರಲಿ, ರಿಮ್ ಮಾತ್ರ ಅಲ್ಯೂಮಿನಿಯಂ ಅಂತ ಆಯಿತು. ಅಳತೆ ಅದೇ 18 ಇಂಚು, ಅದೇ 36 ತೂತು.

ಬಿಚ್ಚಿದ ಹಳೆಯ ರಿಮ್‌ಗಳ ತೂಕ: ಮುಂದಿನದು 1,960 ಗ್ರಾಂ, ಹಿಂದಿನದು 2,230 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದ್ದು. ಬೈಗುಳ ಬೇರೆ ಲೆಕ್ಕ.

ಇಲ್ಲಿ ಮೊದಲ ತಪ್ಪು ಆಯಿತು. ಎರಡೂ ವ್ಹೀಲಿನ ಕಡ್ಡಿಗಳನ್ನು ಒಂದೇ ದಿನ ಬಿಚ್ಚಿದೆ. ಆಫ್‌ಸೆಟ್ ಬರೆದುಕೊಳ್ಳಲಿಲ್ಲ. ಹಬ್ಬಿನ ಮಧ್ಯಕ್ಕೆ ಸರಿಯಾಗಿ ರಿಮ್ ಕೂತಿರುತ್ತೆ ಅಂತ ಅಂದುಕೊಂಡಿದ್ದೆ. ಹಾಗೇನೂ ಇರಲ್ಲ. ಒಂದು ಕಡೆ ಬ್ರೇಕ್ ಡ್ರಮ್, ಇನ್ನೊಂದು ಕಡೆ ಸ್ಪ್ರಾಕೆಟ್ ಇರುವ ಹಬ್ಬಿನಲ್ಲಿ ರಿಮ್ ಒಂದು ಪಕ್ಕಕ್ಕೆ ಸರಿದಿರುತ್ತೆ. ಬಿಚ್ಚುವ ಮುಂಚೆ ರಿಮ್ಮಿನ ಅಂಚಿಗೆ ಅಡ್ಡಲಾಗಿ ನೆಟ್ಟಗಿನ ಸ್ಕೇಲ್ ಇಟ್ಟು, ಅಲ್ಲಿಂದ ಡ್ರಮ್ಮಿನ ಅಂಚಿಗೆ ಎಷ್ಟು ಮಿಲಿಮೀಟರ್ ಅಂತ ಬರೆದಿಟ್ಟರೆ ಸಾಕು. ಎರಡು ನಿಮಿಷದ ಕೆಲಸ. ನಾನು ಕಟರ್ ಹಿಡಿದು ಕಟಕಟ ಕತ್ತರಿಸಿಬಿಟ್ಟೆ.

ಹಂತ 2: ಚಾಸಿಗೆ ಬಣ್ಣ (ಜನವರಿ 12 ರಿಂದ 22)

ವ್ಹೀಲ್ ಹೇಗೂ ಇಲ್ಲ, ಚಾಸಿಗೂ ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಾಕಿ ಬಿಸಿಯಲ್ಲಿ ಕೂರಿಸುವುದು) ಮಾಡಿಸೋಣ ಅನ್ನಿಸಿತು. ಎಂಜಿನ್ ಇಳಿಸಿ, ವೈರಿಂಗ್ ತೆಗೆದು, ಬರಿ ಚಾಸಿ ಮತ್ತು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿಯುವ ತೋಳು) ಕೊಟ್ಟು ಬಂದೆ. 3,200 ರೂ. ಹತ್ತು ದಿನಕ್ಕೆ ಮಿರಮಿರ ಹೊಳೆಯುವ ಕಪ್ಪು ಚಾಸಿ ಮನೆಗೆ ಬಂತು.

ಒಂದು ಸರಿಯಾದ ಕೆಲಸ ಮಾಡಿದ್ದೆ. ಕೊಡುವ ಮುಂಚೆ ಹೆಡ್ ಪೈಪ್ (ಹ್ಯಾಂಡಲ್ ಕೂರುವ ಪೈಪ್) ಮೇಲಿನ ಚಾಸಿ ನಂಬರ್‌ನ ಪೆನ್ಸಿಲ್ ಅಚ್ಚು ತೆಗೆದುಕೊಂಡು, ಆ ಜಾಗಕ್ಕೆ ಬಿಸಿ ತಾಳುವ ಟೇಪ್ ಅಂಟಿಸಲು ಹೇಳಿದ್ದೆ. ಪೌಡರ್ ಕೋಟಿಂಗ್ ದಪ್ಪ ಕೂರುತ್ತೆ, ಗುದ್ದಿದ ಅಂಕಿ ತುಂಬಿಹೋಗುತ್ತೆ. ನನ್ನ ಗಾಡಿಯ ಆರ್‌ಸಿ 2027ಕ್ಕೆ ಮತ್ತೆ ರಿನ್ಯೂವಲ್‌ಗೆ ಬರುತ್ತೆ. ಅವತ್ತು ಇನ್‌ಸ್ಪೆಕ್ಟರ್ ಎದುರು ಬಣ್ಣ ಕೆರೆಯುತ್ತಾ ಕೂರುವ ಹಾಗಾಗಬಾರದು.

ಒಂದು ದೊಡ್ಡ ತಪ್ಪೂ ಮಾಡಿದೆ. ಬಣ್ಣಕ್ಕೆ ಮುಂಚೆ ಚಾಸಿ ನೆಟ್ಟಗಿದೆಯಾ ಅಂತ ನೋಡಲಿಲ್ಲ. ಬ್ಲಾಸ್ಟಿಂಗ್ ಆಗಿ, ಅಂದರೆ ಮರಳು ಹೊಡೆದು ಹಳೆ ಬಣ್ಣ ತೆಗೆದು, ಬರಿ ಲೋಹ ಕಾಣುವಾಗ ಒಂದು ಸಲ ಹೋಗಿ ಟಾರ್ಚ್ ಹಾಕಿ ಜಾಯಿಂಟ್ ನೋಡಬೇಕಿತ್ತು. ಅಂಗಡಿಯವರು ಫೋನ್ ಕೂಡ ಮಾಡಿದ್ದರು, "ಬ್ಲಾಸ್ಟಿಂಗ್ ಆಗಿದೆ, ನೋಡ್ತೀರಾ ಸರ್?" ಅಂತ. ಆಫೀಸಿನಲ್ಲಿದ್ದೆ, "ಬೇಡ, ಮುಂದುವರಿಸಿ" ಅಂದೆ.

ಹಂತ 3: ರಿಮ್ ಖರೀದಿ (ಜನವರಿ 25)

ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದವನು ಜೆ.ಸಿ. ರಸ್ತೆಗೆ ಹೊಕ್ಕೆ. ಆರ್‌ಎಕ್ಸ್‌ಗೆ ಬರುವ ಅಲ್ಯೂಮಿನಿಯಂ ರಿಮ್ ಮೂರ್ನಾಲ್ಕು ಅಂಗಡಿಯಲ್ಲಿ ಸಿಕ್ಕಿತು. ಜೋಡಿಗೆ 3,500ರಿಂದ 9,000 ತನಕ ಹೇಳಿದರು. ಜಪಾನಿನ ಹೆಸರಿನ ಸ್ಟಿಕ್ಕರ್ ಅಂಟಿಸಿದ ಡೂಪ್ಲಿಕೇಟೂ ಇದ್ದವು. ಸ್ಟಿಕ್ಕರ್ ನಂಬದೆ ಮೂರು ವಿಷಯ ನೋಡಿದೆ.

ರಿಮ್ ಬೆಸೆದಿರುವ ಜಾಗಕ್ಕೆ ಉಗುರು ಎಳೆದರೆ ಮೆಟ್ಟಿಲು ಸಿಗಬಾರದು. ಗಾಜಿನ ಕೌಂಟರ್ ಮೇಲೆ ಮಲಗಿಸಿದರೆ ಎಲ್ಲೂ ಮೇಲೆ ಏಳಬಾರದು. ನಾನು ನೋಡಿದ ಮೊದಲ ಜೋಡಿ 3 ಮಿ.ಮೀ. ಎದ್ದಿತ್ತು, ಅಂಗಡಿಯವರು "ಟೈಟ್ ಮಾಡಿದ್ರೆ ಕೂರುತ್ತೆ" ಅಂದರು. ಹೊಸ ರಿಮ್ಮನ್ನು ಕಡ್ಡಿಯಿಂದ ಎಳೆದು ನೆಟ್ಟಗೆ ಮಾಡೋದಾದರೆ ಹಳೆಯದೇ ಏನಾಗಿತ್ತು? ಮೂರನೆಯದು, ಕಡ್ಡಿ ತೂತಿನ ಸುತ್ತ ಇರುವ ಉಬ್ಬು. ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿರಬೇಕು. ನೆಟ್ಟಗೆ ಕೊರೆದ ತೂತಾದರೆ ನಿಪ್ಪಲ್ (ಕಡ್ಡಿ ಬಿಗಿಯುವ ನಟ್ಟು) ಬಾಯಲ್ಲಿ ಕಡ್ಡಿ ಬಾಗಿ, ಮುಂದೊಂದು ದಿನ ಅಲ್ಲೇ ಮುರಿಯುತ್ತೆ.

ಕೊನೆಗೆ 5,600 ರೂಪಾಯಿಗೆ ಒಂದು ಜೋಡಿ ತಂದೆ. ಎರಡೂ 1.60 ಇಂಚು ಅಗಲ. ಮುಂದೆ 2.50-18, ಹಿಂದೆ 2.75-18 ಟೈರಿಗೆ ಇದು ಸಾಕು. ತೂಕ 1,280 ಮತ್ತು 1,290 ಗ್ರಾಂ. ಎರಡೂ ಸೇರಿ 1,620 ಗ್ರಾಂ ಉಳಿತಾಯ. 100 ಕೆ.ಜಿ. ಆಸುಪಾಸಿನ ಗಾಡಿಯಲ್ಲಿ ಒಂದೂವರೆ ಕೆ.ಜಿ. ಏನು ಮಹಾ ಅಂತೀರಾ? ತಿರುಗುವ ಅಂಚಿನ ತೂಕ ಇದು, ಟ್ಯಾಂಕಿನಲ್ಲಿರುವ ಎರಡು ಲೀಟರ್ ಪೆಟ್ರೋಲಿನ ಹಾಗಲ್ಲ. ಹೋಗಲಿ, ಸಿದ್ಧಾಂತ ಬೇಡ.

ಅಲ್ಲೇ ಆರ್‌ಎಕ್ಸ್ ಅಳತೆಯ ಎರಡು ಸೆಟ್ ಕಡ್ಡಿ ತಗೊಂಡೆ, 1,300 ರೂ.

ಹಂತ 4: ಕಡ್ಡಿ ಕಟ್ಟಿದ್ದು, ಬಿಚ್ಚಿದ್ದು (ಫೆಬ್ರವರಿ 2)

ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಮಧ್ಯಾಹ್ನ ಎರಡಕ್ಕೆ ಮುಂದಿನ ವ್ಹೀಲ್ ಕಟ್ಟಿ ಮುಗಿಸಿದೆ. ಹೆಮ್ಮೆಯಿಂದ ಫೋಟೋ ತೆಗೆದೆ. ಆಮೇಲೆ ಕಡ್ಡಿ ಬಿಗಿ ಮಾಡಲು ಹೊರಟೆ. ನಿಪ್ಪಲ್ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಗಟಕ್ ಅಂತ ನಿಲ್ಲುತ್ತೆ, ಆದರೆ ಕಡ್ಡಿ ಇನ್ನೂ ಲೊಡಲೊಡ. ಎಲ್ಲ 36 ಕಡ್ಡಿಯೂ ಹಾಗೇ.

ಕಾರಣ ಸರಳ. ಅಲ್ಯೂಮಿನಿಯಂ ರಿಮ್ಮಿನ ಹೊಟ್ಟೆ ಕಬ್ಬಿಣದ್ದಕ್ಕಿಂತ ಆಳ. ನಿಪ್ಪಲ್ ಕೂರುವ ಜಾಗ ಹಬ್ಬಿಗೆ ಹತ್ತಿರ ಬರುತ್ತೆ. ಹಾಗಾಗಿ ಕಡ್ಡಿ ಗಿಡ್ಡ ಬೇಕು. ನನ್ನ ಕಡ್ಡಿಯ ಥ್ರೆಡ್ ಮುಗಿದುಹೋಗುತ್ತಿತ್ತು.

ಅಳೆದದ್ದು ಹೀಗೆ: ಹಳೆಯ ಎರಡು ಕಡ್ಡಿ ಕತ್ತರಿಸಿ, ನಿಪ್ಪಲ್ ಹಾಕಿ, ರಿಮ್ಮಿನ ಎದುರುಬದುರು ತೂತಿನಲ್ಲಿ ಸಿಕ್ಕಿಸಿದೆ. ಎರಡನ್ನೂ ಎಳೆದು ಹಿಡಿದು ನಡುವಿನ ಅಂತರ ಅಳೆದು, ಕಡ್ಡಿಗಳ ಉದ್ದ ಸೇರಿಸಿದೆ. ಹಳೆಯ ರಿಮ್ಮಿಗೂ ಹೊಸದಕ್ಕೂ 8 ಮಿ.ಮೀ. ವ್ಯತ್ಯಾಸ. ಅದು ವ್ಯಾಸದ ಲೆಕ್ಕ, ಒಂದು ಕಡ್ಡಿಗೆ ಅದರ ಅರ್ಧ, 4 ಮಿ.ಮೀ. ಈ ಅಳತೆಯನ್ನು ಅಂಗಡಿಯಲ್ಲೇ ಮಾಡಬಹುದಿತ್ತು. 1,300 ರೂಪಾಯಿ ನೀರಿಗೆ ಹೋಯಿತು. ಕಡ್ಡಿಗಳನ್ನು ಅಮ್ಮ ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದಾರೆ.

ಇನ್ನೊಂದು ತಮಾಷೆ. ಬಿಚ್ಚುವಾಗ ಗಮನಿಸಿದರೆ, ವಾಲ್ವ್ ತೂತಿನ ಮೇಲೆ ಎರಡು ಕಡ್ಡಿ ಕತ್ತರಿಯ ಹಾಗೆ ಕೂಡಿದ್ದವು. ಗಾಳಿ ಹಿಡಿಯುವ ನಾಝಲ್ ಒಳಗೆ ಹೋಗುವ ಹಾಗೇ ಇರಲಿಲ್ಲ. ಉದ್ದ ಸರಿ ಇದ್ದಿದ್ದರೂ ಬಿಚ್ಚಲೇಬೇಕಿತ್ತು.

ಹಂತ 5: ಎರಡನೇ ಸಲ (ಫೆಬ್ರವರಿ 16 ರಿಂದ ಮಾರ್ಚ್ 2)

4 ಮಿ.ಮೀ. ಗಿಡ್ಡ ಸ್ಟೇನ್‌ಲೆಸ್ ಕಡ್ಡಿ ಅಳತೆ ಕೊಟ್ಟು ಮಾಡಿಸಿ ತರಿಸಿದೆ, 1,700 ರೂ. ಈ ಸಲ ಆಟೋ ಕಾಂಪ್ಲೆಕ್ಸ್‌ನಲ್ಲಿ ವ್ಹೀಲ್ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಹೋಗಿ ಒಂದು ಗಂಟೆ ಸುಮ್ನೆ ನೋಡುತ್ತಾ ಕೂತೆ. ಅವರಿಗೆ ಕಲಿಸುವ ಆಸೆ ಏನಿಲ್ಲ, ಬೈಯುವ ಆಸೆ ಇದೆ. ಅದರಲ್ಲೇ ಕಲಿತೆ.

36 ಕಡ್ಡಿಯನ್ನು ಮೊದಲು ನಾಲ್ಕು ಗುಂಪು ಮಾಡಿ, ಒಂದೊಂದರಲ್ಲಿ 9. ಎಡ ಒಳಗಿನದು, ಎಡ ಹೊರಗಿನದು, ಬಲ ಒಳಗಿನದು, ಬಲ ಹೊರಗಿನದು. ಒಳಗಿನ ಮತ್ತು ಹೊರಗಿನ ಕಡ್ಡಿಯ ಕುತ್ತಿಗೆ ಬಾಗಿರುವ ಕೋನ ಬೇರೆ. ಎರಡನ್ನು ಪಕ್ಕಪಕ್ಕ ಹಿಡಿದರೆ ಗೊತ್ತಾಗುತ್ತೆ. ಒಂದು ಕಟ್ಟು ಎಂದು ತಿಳಿದು ಕಲಸಿಬಿಟ್ಟರೆ ಕಥೆ ಮುಗೀತು.

ಮೊದಲು ಒಳಗಿನ 18 ಕಡ್ಡಿ ಹಾಕಿ, ಒಂದೊಂದನ್ನೂ ರಿಮ್ಮಿನ ನಾಲ್ಕನೇ ನಾಲ್ಕನೇ ತೂತಿಗೆ ಸಿಕ್ಕಿಸಬೇಕು. ರಿಮ್ ತೂತಿನ ಉಬ್ಬು ಯಾವ ಕಡೆ ವಾಲಿದೆಯೋ ಆ ಕಡೆಯ ಕಡ್ಡಿ. ಆಮೇಲೆ ಹಬ್ಬನ್ನು ಕೈಯಲ್ಲಿ ಹಿಡಿದು ತಿರುಚಿದರೆ ಎಲ್ಲ ಕಡ್ಡಿ ಒಂದೇ ಕಡೆ ಓರೆ ಆಗುತ್ತೆ. ನಂತರ ಹೊರಗಿನ 18 ಕಡ್ಡಿ ಎದುರು ದಿಕ್ಕಿಗೆ. ವಾಲ್ವ್ ತೂತಿನ ಎರಡು ಬದಿಯ ಕಡ್ಡಿಗಳು ಒಂದರಿಂದ ಒಂದು ದೂರ ಹೋಗುತ್ತಿರಬೇಕು. ಅದನ್ನು ಮೊದಲ ಕಡ್ಡಿ ಹಾಕುವಾಗಲೇ ನೋಡಿಕೊಳ್ಳಬೇಕು, ಕೊನೆಗಲ್ಲ.

ಎಲ್ಲ ನಿಪ್ಪಲ್‌ಗೂ ಒಂದು ಚೂರು ಗ್ರೀಸ್. ಅಲ್ಯೂಮಿನಿಯಂಗೆ ಬೇರೆ ಲೋಹ ತಾಗಿ, ನಮ್ಮ ಮಲೆನಾಡಿನ ಮಳೆ ಬಿದ್ದರೆ ಒಂದೆರಡು ವರ್ಷದಲ್ಲಿ ಹಿಡಿದುಕೊಳ್ಳುತ್ತೆ. ಆಮೇಲೆ ನಿಪ್ಪಲ್ ತಿರುಗಿಸಲು ಹೋದರೆ ಕಡ್ಡಿಯೇ ತಿರುಚಿಕೊಳ್ಳುತ್ತೆ.

ಔಟ್ ತೆಗೆಯಲು ಸ್ಟ್ಯಾಂಡ್ ಕೊಳ್ಳಲಿಲ್ಲ. ಗುಜರಿಯ ಹಳೆಯ ಸ್ವಿಂಗ್ ಆರ್ಮ್ ಒಂದನ್ನು ತಲೆಕೆಳಗಾಗಿ ಬೆಂಚ್ ವೈಸ್‌ಗೆ ಕಚ್ಚಿಸಿ, ಅದಕ್ಕೆ ಕೇಬಲ್ ಟೈ ಕಟ್ಟಿ ಅದರ ಬಾಲವನ್ನೇ ಮುಳ್ಳಿನ ಹಾಗೆ ಮಾಡಿಕೊಂಡೆ. ಮೊದಲು ಮೇಲೆ ಕೆಳಗೆ ಏಳುವುದನ್ನು ಸರಿಮಾಡಬೇಕು, ಆಮೇಲೆ ಅಕ್ಕಪಕ್ಕ. ನಾನು ಉಲ್ಟಾ ಮಾಡಿ ಒಂದು ಸಂಜೆ ಕಳೆದೆ. ಅಕ್ಕಪಕ್ಕದ ಔಟ್ ತೆಗೆಯಲು, ರಿಮ್ ಯಾವ ಕಡೆ ಬರಬೇಕೋ ಆ ಕಡೆಯ ಕಡ್ಡಿ ಕಾಲು ಸುತ್ತು ಬಿಗಿ, ಎದುರು ಕಡೆಯದು ಕಾಲು ಸುತ್ತು ಸಡಿಲ. ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಜಾಸ್ತಿ ತಿರುಗಿಸಿದರೆ ಔಟ್ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ.

ಕಂಪನಿ ಮ್ಯಾನುವಲ್‌ಗಳಲ್ಲಿ ಸಾಮಾನ್ಯವಾಗಿ 2 ಮಿ.ಮೀ. ತನಕ ನಡೆಯುತ್ತೆ ಅಂತ ಇರುತ್ತೆ. ಮುಂದಿನದು ಮೂರು ಸಂಜೆಯಲ್ಲಿ 0.6 ಮಿ.ಮೀ.ಗೆ ಬಂತು. ಹಿಂದಿನದು 1.5ರಲ್ಲಿ ನಿಂತುಬಿಟ್ಟಿತು, ಎಷ್ಟು ಮಾಡಿದರೂ ಕದಲಲ್ಲ. ಶಿವರಾತ್ರಿ ಮರುದಿನ ಮೇಸ್ತ್ರಿ ಹತ್ತಿರ ತೆಗೆದುಕೊಂಡು ಹೋದೆ. ಅವರು ಅಳೆಯಲೇ ಇಲ್ಲ. ಕೀಲಿಯಿಂದ ಕಡ್ಡಿಗಳನ್ನು ಒಂದೊಂದಾಗಿ ಟಿಣ್ ಟಿಣ್ ಅಂತ ಬಡಿದು ಕೇಳಿದರು. ಟಿಣ್ ಅನ್ನುವ ಕಡೆ ಟಪ್ ಅಂದ ಐದಾರು ಸಡಿಲ ಕಡ್ಡಿ ಹುಡುಕಿದರು.

"ತಮ್ಮಾ, ನೀನು ರಿಮ್ ನೋಡ್ಕೊಂಡು ಕೂತಿದೀಯ. ಕಡ್ಡಿ ಏನ್ ಹೇಳುತ್ತೆ ಅಂತ ಕೇಳಲ್ಲ," ಅಂದರು.

ನಲವತ್ತು ನಿಮಿಷ. ಅರ್ಧ ಮಿ.ಮೀ.ಗಿಂತ ಕಡಿಮೆ. ದುಡ್ಡು ಕೊಡಲು ಹೋದರೆ ಟೀ ಹೇಳು ಸಾಕು ಅಂದರು.

ಆಫ್‌ಸೆಟ್ ಮಾತ್ರ ಬಾಕಿ ಇತ್ತು, ಬರೆದಿಟ್ಟಿರಲಿಲ್ಲವಲ್ಲ. ಗೆಳೆಯನ ಆರ್‌ಎಕ್ಸ್ 100 ತರಿಸಿ ಸ್ಕೇಲ್ ಇಟ್ಟು ಅಳೆದೆ. ನಾನು ಕಣ್ಣಂದಾಜಿನಲ್ಲಿ ಕಟ್ಟಿದ ಹಿಂದಿನ ರಿಮ್ 5 ಮಿ.ಮೀ. ಸರಿದಿತ್ತು. ಒಂದು ಬದಿಯ ಎಲ್ಲ ಕಡ್ಡಿ ಒಂದು ಸುತ್ತು ಸಡಿಲ, ಇನ್ನೊಂದು ಬದಿ ಒಂದು ಸುತ್ತು ಬಿಗಿ, ಹೀಗೆ ಸುತ್ತು ಸುತ್ತಾಗಿ ಎಳೆದು ತಂದೆ. ಮತ್ತೆ ಔಟ್ ತೆಗೆದೆ. ಮೇಸ್ತ್ರಿ ಮಾಡಿಕೊಟ್ಟ ಕೆಲಸವನ್ನು ನಾನೇ ಕೆಡಿಸಿ ನಾನೇ ಮತ್ತೆ ಮಾಡಿದ್ದು ಅವರಿಗೆ ಇವತ್ತಿಗೂ ಹೇಳಿಲ್ಲ.

ಹಂತ 6: ಮೊದಲ ಓಟ (ಮಾರ್ಚ್ 9)

ನಿಪ್ಪಲ್ ತಲೆಯಿಂದ ಹೊರಗೆ ಇಣುಕಿದ ಕಡ್ಡಿ ತುದಿಗಳನ್ನು ಅರದಿಂದ ಉಜ್ಜಿದೆ. ಬೇರಿಂಗ್ ಹೊಸದು, 520 ರೂ. (ಹಳೆಯ ಬೇರಿಂಗ್ ಮೇಲಿನ ನಂಬರ್ ನೋಡಿಯೇ ತನ್ನಿ, ಗಾಡಿ ಹೆಸರು ಹೇಳಿ ತರಬೇಡಿ.) ಟೈರ್, ಟ್ಯೂಬ್ 3,650. ಸೋಪು ನೀರು ಹಚ್ಚಿ, ಲಿವರ್ ಕೆಳಗೆ ಹಳೆಯ ಟ್ಯೂಬಿನ ತುಂಡು ಇಟ್ಟು ಹಾಕಿದೆ. ಅಲ್ಯೂಮಿನಿಯಂ ರಿಮ್ಮಿಗೆ ಬರಿ ಲಿವರ್ ಹಾಕಿದರೆ ಅಂಚು ಹಲ್ಲು ಕಚ್ಚಿದ ಹಾಗೆ ಆಗುತ್ತೆ. ರಿಮ್ ಟೇಪ್ ಮಾತ್ರ ಹಳೆಯದನ್ನೇ ಹಾಕಿದೆ. ಮೂವತ್ತು ರೂಪಾಯಿ ಉಳಿಸಿದೆ!

ತೀರ್ಥಹಳ್ಳಿ ರಸ್ತೆ ಹಿಡಿದೆ. ಗಾಜನೂರು ದಾಟಿ, ಸಕ್ರೆಬೈಲು ದಾಟಿ, ಮಂಡಗದ್ದೆ ಇನ್ನೇನು ಬಂತು ಅನ್ನುವಾಗ ಹಿಂದಿನ ಟೈರ್ ಮಲಗಿತು. ಉಜ್ಜದೆ ಬಿಟ್ಟಿದ್ದ ಒಂದೇ ಒಂದು ಕಡ್ಡಿಯ ತುದಿ, ಹಳೆಯ ಟೇಪ್ ಹರಿದು ಟ್ಯೂಬಿಗೆ ಚುಚ್ಚಿತ್ತು. ಪಂಕ್ಚರ್ ಅಂಗಡಿ ತನಕ ಒಂದೂವರೆ ಕಿಲೋಮೀಟರ್ ತಳ್ಳಿದೆ. 120 ರೂ.

ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಏನಪ್ಪಾ ಅಂದರೆ, ಗಾಡಿ ಇನ್ನೂ ಎಡಕ್ಕೆ ಎಳೆಯುತ್ತಿತ್ತು. ಮೊದಲಿನಷ್ಟೇ.

ಹಂತ 7: ದಾರ ಕಟ್ಟಿ ನೋಡಿದ್ದು (ಮಾರ್ಚ್ 10 ರಿಂದ 16)

ಗಾರೆ ಕೆಲಸದವರ ನೈಲಾನ್ ದಾರ ತಂದೆ. ಹಿಂದಿನ ಟೈರಿನ ಹಿಂಬದಿಯಿಂದ ಸುತ್ತಿ, ಎರಡೂ ಪಕ್ಕ ಮುಂದಕ್ಕೆ ಎಳೆದು, ಮುಂದಿನ ಚಕ್ರದ ಆಚೆ ಎರಡು ಸ್ಟೂಲಿಗೆ ಕಟ್ಟಿದೆ. ಹಿಂದಿನ ಟೈರ್ ದಪ್ಪ, ಮುಂದಿನದು ಸಣ್ಣ. ಹಾಗಾಗಿ ಮುಂದಿನ ಟೈರಿನ ಎರಡೂ ಪಕ್ಕ ದಾರಕ್ಕೂ ಟೈರಿಗೂ ಸಮ ಜಾಗ ಬಿಡಬೇಕು. ನನಗೆ ಸಿಕ್ಕಿದ್ದು ಎಡಕ್ಕೆ 1 ಮಿ.ಮೀ., ಬಲಕ್ಕೆ 11.

ಚೈನ್ ಅಡ್ಜಸ್ಟರ್ ತಿರುಗಿಸಿ ಎರಡೂ ಕಡೆ ಸಮ ಮಾಡಿದೆ. ಈಗ ದಾರ ಸರಿ, ಆದರೆ ಚೈನ್ ಸ್ಪ್ರಾಕೆಟ್ ಮೇಲೆ ಓರೆಯಾಗಿ ಏರುತ್ತಿತ್ತು. ಅಂದರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದ ಹಾಗೆ. ಅಡ್ಜಸ್ಟರನ್ನು ಮೊದಲಿನ ಜಾಗಕ್ಕೇ ವಾಪಸ್ ತಿರುಗಿಸಿದೆ. ಸ್ವಿಂಗ್ ಆರ್ಮ್ ಬುಶ್, ಹ್ಯಾಂಡಲ್ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಎರಡೂ ಬದಲಾಯಿಸಿದೆ, 950 ರೂ. ಸ್ವಲ್ಪವೂ ವ್ಯತ್ಯಾಸ ಇಲ್ಲ.

ಆಮೇಲೆ ತೂಕದ ಗುಂಡು ಬಿಟ್ಟು ನೋಡಿದೆ. ಹಿಂದಿನ ಚಕ್ರ ನೆಟ್ಟಗೆ ನಿಲ್ಲುವ ಹಾಗೆ ಗಾಡಿಗೆ ಆಸರೆ ಕೊಟ್ಟು, ಮುಂದಿನ ಚಕ್ರದ ಪಕ್ಕ ದಾರ ಇಳಿಬಿಟ್ಟರೆ, ಚಕ್ರದ ತಲೆ 8 ಮಿ.ಮೀ. ಎಡಕ್ಕೆ ವಾಲಿತ್ತು. ಎದೆ ಧಸಕ್ ಅಂತು. ಫೋರ್ಕ್ ಬಿಚ್ಚಿ, ಹೆಡ್ ಪೈಪಿನಲ್ಲಿ ಲೇತ್‌ನಲ್ಲಿ ತೆಗೆಸಿದ ನೆಟ್ಟಗಿನ ಸರಳು ಹಾಕಿದೆ. ಸ್ವಿಂಗ್ ಆರ್ಮ್ ತೂತಿಗೆ ಇನ್ನೊಂದು ಸರಳು. ಕೆಳಗಿನದನ್ನು ಮಟ್ಟಕ್ಕೆ ತಂದು ಮೇಲಿನದರ ಪಕ್ಕ ಗುಂಡು ಬಿಟ್ಟೆ. 500 ಮಿ.ಮೀ. ಉದ್ದಕ್ಕೆ 7 ಮಿ.ಮೀ. ಓರೆ. ಚಾಸಿಯೇ ತಿರುಚಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಗಾಡಿ ಯಾವತ್ತಾದ್ರೂ ಬಿದ್ದಿತ್ತಾ?"

"ಇಲ್ಲ ಕಣೋ, ಒಂದ್ ಗೀರೂ ಆಗಿಲ್ಲ ಅದಕ್ಕೆ."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "98ರಲ್ಲಿ ಒಂದ್ಸಲ ನಿಂತಿದ್ದ ಎತ್ತಿನಗಾಡಿಗೆ ಸ್ವಲ್ಪ ತಾಗಿತ್ತು ಅಷ್ಟೇ. ನಿಮ್ ಚಿಕ್ಕಮ್ಮಂಗೆ ಹೇಳ್ಬೇಡ."

ಹೊಳೆಯುವ ಹೊಸ ಪೌಡರ್ ಕೋಟಿಂಗ್ ಎದುರಿಗೇ ಇತ್ತು. ಅಲ್ಲೇ, ಹೆಡ್ ಪೈಪ್ ಕೆಳಗೆ ಡೌನ್ ಟ್ಯೂಬ್ (ಎಂಜಿನ್ ಕಡೆಗೆ ಇಳಿಯುವ ಪೈಪ್) ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಗೆರೆ. ಕೆರೆದು ನೋಡಿದರೆ 22 ಮಿ.ಮೀ. ಉದ್ದದ ಬಿರುಕು. ಬಣ್ಣದವರು "ನೋಡ್ತೀರಾ ಸರ್?" ಅಂತ ಕೇಳಿದ್ದು ಇದನ್ನೇ ಇರಬೇಕು.

ಹಂತ 8: ಬೇರೆ ಚಾಸಿ ಹಾಕೋದಾ? (ಮಾರ್ಚ್ 17 ರಿಂದ 23)

ಎರಡು ದಾರಿ ತೋರಿಸಿದರು. ಒಬ್ಬರು, ಗುಜರಿಯಲ್ಲಿ ಒಳ್ಳೆಯ ಆರ್‌ಎಕ್ಸ್ ಚಾಸಿ ಇದೆ, 6,000 ಕೊಡಿ ಅಂದರು. ನೆಟ್ಟಗೇ ಇತ್ತು. ಆದರೆ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಹಾಕಿದ್ದರು. "ನಿಮ್ಮ ನಂಬರ್ ಗುದ್ದಿಸಿಕೊಂಡರಾಯ್ತು" ಅನ್ನುವ ಸಲಹೆ ಬೇರೆ. ಅಲ್ಲಿಂದ ಹೊರಟು ಬಂದೆ. ಅದು ಕಳ್ಳತನದ ಗಾಡಿಯದೋ ಏನೋ, ಆಮೇಲೆ ಸ್ಟೇಷನ್‌ನಲ್ಲಿ ಕೂರುವವನು ನಾನು.

ಇನ್ನೊಬ್ಬರು ಕೆಫೆ ರೇಸರ್, ಅಂದರೆ ಹಳೆ ಗಾಡಿಯನ್ನು ರೇಸ್ ಗಾಡಿಯ ಹಾಗೆ ಮಾರ್ಪಾಡು, ಮಾಡುವ ಹುಡುಗರು. ಪೈಪ್ ಬಾಗಿಸಿ ಹೊಸ ಫ್ರೇಮನ್ನೇ ಕಟ್ಟಿಕೊಡ್ತೀವಿ, 3 ಕೆ.ಜಿ. ಉಳಿಯುತ್ತೆ ಅಂದರು. ಒಂದು ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಇಂಗ್ಲೆಂಡಿನಲ್ಲಿ ಇದು ದೊಡ್ಡ ಪರಂಪರೆ. ನಾರ್ಟನ್ ಫೆದರ್‌ಬೆಡ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಟ್ರೈಟನ್ ಅಂದರು. ರಿಕ್‌ಮನ್ ಸಹೋದರರು ನಿಕಲ್ ಲೇಪನದ ಫ್ರೇಮ್ ಮಾಡಿ ಮಾರಿದರು, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ ಎಂಜಿನ್ ಕೂಡ ಅದರಲ್ಲಿ ಕೂತಿತ್ತು. ಹಾಗೇ ಫ್ರೇಮ್ ಮಾಡಿ ಹೆಸರಾದ ಹ್ಯಾರಿಸ್ ಪರ್ಫಾರ್ಮೆನ್ಸ್‌ನವರು ರಾಯಲ್ ಎನ್‌ಫೀಲ್ಡ್‌ನ 2013ರ ಕಾಂಟಿನೆಂಟಲ್ ಜಿಟಿಗೆ ಚಾಸಿ ಮಾಡಿಕೊಟ್ಟರು, 2015ರಲ್ಲಿ ಆ ಕಂಪನಿಯನ್ನೇ ಎನ್‌ಫೀಲ್ಡ್ ಕೊಂಡಿತು. ಓದಲು ಚೆಂದ.

ನಮ್ಮಲ್ಲಿ ಚಾಸಿ ಅಂದರೆ ಬಿಡಿಭಾಗ ಅಲ್ಲ, ಆರ್‌ಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮಾಡಿಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಟ್ರ್ಯಾಕಿನಲ್ಲಿ ಮಾತ್ರ ಓಡಿಸುವ ಗಾಡಿಯಾದರೆ ಮಾತು ಬೇರೆ. ನನಗೆ ತರಕಾರಿ ತರಲೂ ಇದೇ ಗಾಡಿ ಬೇಕು.

ಹಂತ 9: ಬೆಂಡ್ ತೆಗೆಸಿದ್ದು (ಮಾರ್ಚ್ 24 ರಿಂದ ಏಪ್ರಿಲ್ 6)

ಮತ್ತೆ ಎಂಜಿನ್ ಇಳಿಸಿ, ವೈರಿಂಗ್ ಬಿಚ್ಚಿ, ಬರಿ ಚಾಸಿ. ಜನವರಿಯಲ್ಲಿ ಮಾಡಿದ್ದೇ ಕೆಲಸ.

ಚಾಸಿ ಬೆಂಡ್ ತೆಗೆಯುವವರ ಹತ್ತಿರ ನೆಲಕ್ಕೆ ಹೂತ ದಪ್ಪ ಗರ್ಡರ್ ಮೇಜು ಇತ್ತು. ಎಂಜಿನ್ ಬೋಲ್ಟ್ ಜಾಗ ಮತ್ತು ಸ್ವಿಂಗ್ ಆರ್ಮ್ ಜಾಗದಲ್ಲಿ ಬಿಗಿದು, ಹೆಡ್ ಪೈಪಿನಲ್ಲಿ ಉದ್ದ ಪೈಪ್ ತೂರಿಸಿ, ಚೈನ್ ಮತ್ತು ಹೈಡ್ರಾಲಿಕ್ ಜಾಕ್ ಹಾಕಿ ಎಳೆದರು. ಕಾಯಿಸಬೇಡಿ ಅಂತ ನಾನು ಮೊದಲೇ ಕೇಳಿಕೊಂಡಿದ್ದೆ, ಅವರಿಗೂ ಅದೇ ಅಭ್ಯಾಸ. ಬೇಕಾದ್ದಕ್ಕಿಂತ ಜಾಸ್ತಿ ಎಳೆಯಬೇಕು, ಬಿಟ್ಟಾಗ ಚಾಸಿ ವಾಪಸ್ ಬರುತ್ತೆ. ಮೊದಲ ಸಲ ಬಿಟ್ಟಾಗ 7 ಇದ್ದದ್ದು 4. ಎರಡನೇ ಸಲ 2.5. ಮೂರನೇ ಸಲ 1. ಅಲ್ಲಿಗೆ ಸಾಕು ಅಂದರು, ನಾನೂ ಸಾಕು ಅಂದೆ. 2,800 ರೂ.

ಬಿರುಕು ಬೆಸೆಯುವುದನ್ನು ಬೆಂಡ್ ತೆಗೆದ ಮೇಲೆಯೇ ಮಾಡಿಸಿದ್ದು. ಮೊದಲೇ ಬೆಸೆದಿದ್ದರೆ ಎಳೆತಕ್ಕೆ ಮತ್ತೆ ಬಾಯಿ ಬಿಡುತ್ತಿತ್ತು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಓಡದ ಹಾಗೆ ನಿಲ್ಲಿಸಿ, ಗೆರೆಯನ್ನು ವಿ ಆಕಾರಕ್ಕೆ ಉಜ್ಜಿ, ಟಿಗ್ ವೆಲ್ಡಿಂಗ್. ಜೊತೆಗೆ 3 ಮಿ.ಮೀ. ತಗಡಿನ ಮೂಲೆಗಟ್ಟು ಒಂದು. 700 ರೂ. ಚಾಸಿ ನಂಬರ್ ಹತ್ತಿರ ಬೆಂಕಿ ತಾಗಲಿಲ್ಲ. ಬಣ್ಣ ಈ ಸಲ ಸ್ಪ್ರೇ, 2,300. ಪೌಡರ್ ಬೇಡ ಅಂದೆ. ಮತ್ತೆ ಬಿರುಕು ಬಂದರೆ ಸ್ಪ್ರೇ ಬಣ್ಣದಲ್ಲಿ ಬೇಗ ಕಾಣುತ್ತೆ.

ದಾರ ಕಟ್ಟಿದೆ. ಎಡಕ್ಕೆ 5, ಬಲಕ್ಕೆ 7.

ಲೆಕ್ಕ

ರಿಮ್ 5,600. ತಪ್ಪು ಕಡ್ಡಿ 1,300, ಸರಿ ಕಡ್ಡಿ 1,700. ಬೇರಿಂಗ್ 520. ಟೈರ್, ಟ್ಯೂಬ್ 3,650. ಪೌಡರ್ ಕೋಟಿಂಗ್ 3,200. ಬುಶ್, ಕೋನ್ ಸೆಟ್ 950. ಬೆಂಡ್ 2,800. ವೆಲ್ಡಿಂಗ್ 700. ಸ್ಪ್ರೇ 2,300. ಕಡ್ಡಿ ಕೀಲಿ, ಅರ, ದಾರ, ಹೊಸ ರಿಮ್ ಟೇಪ್ ಎಲ್ಲ 430. ಪಂಕ್ಚರ್ 120. ಒಟ್ಟು 23,270. ಇದರಲ್ಲಿ ತಪ್ಪು ಕಡ್ಡಿ, ಪೌಡರ್ ಕೋಟಿಂಗ್, ಪಂಕ್ಚರ್ ಸೇರಿ ಶುದ್ಧ ದಂಡ 4,620. ರಜೆ ಹಾಕಿದ ಎರಡು ದಿನ ಲೆಕ್ಕಕ್ಕಿಲ್ಲ.

ಹಂತ 10: ಈಗಿನ ಸ್ಥಿತಿ (ಏಪ್ರಿಲ್ 20)

ಏಪ್ರಿಲ್ 13ಕ್ಕೆ ತೀರ್ಥಹಳ್ಳಿ ತನಕ ಹೋಗಿ ಬಂದೆ. 60ರಲ್ಲಿ ಹ್ಯಾಂಡಲ್ ಸಡಿಲ ಹಿಡಿದರೂ ನೆಟ್ಟಗೆ ಹೋಗುತ್ತೆ. ಹಳ್ಳ ಬಿದ್ದ ಕಡೆ ಮುಂದಿನ ಚಕ್ರ ಕುಣಿಯುವುದು ಕಡಿಮೆ ಆಗಿದೆ, ತಿರುವಿನಲ್ಲಿ ಬೇಗ ವಾಲುತ್ತೆ. ಇದರಲ್ಲಿ ರಿಮ್ಮಿನ ಪಾಲು ಎಷ್ಟು, ಚಾಸಿಯ ಪಾಲು ಎಷ್ಟು ಅಂತ ಕೇಳಿದರೆ, ಮುಕ್ಕಾಲು ಪಾಲು ಚಾಸಿಗೆ ಕೊಡ್ತೀನಿ. ಮಾರ್ಚ್ 9ರಂದು ಹಗುರ ರಿಮ್ ಹಾಕಿ ಬಾಗಿದ ಚಾಸಿಯಲ್ಲಿ ಓಡಿಸಿದ್ದೆನಲ್ಲ, ಅವತ್ತು ನನಗೆ ಅನ್ನಿಸಿದ್ದು ಪಿಕಪ್ ಸ್ವಲ್ಪ ಚುರುಕು, ಅಷ್ಟೇ.

50 ಕಿ.ಮೀ. ಆದ ಮೇಲೆ ಒಂದು ಸಲ, 200 ಆದ ಮೇಲೆ ಒಂದು ಸಲ ಕಡ್ಡಿ ಬಡಿದು ನೋಡಿದೆ. ಮೊದಲ ಸಲ ಏಳು ಕಡ್ಡಿ ಟಪ್ ಅಂದವು, ಎರಡನೇ ಸಲ ಎರಡು.

ಬಾಕಿ ಇರುವುದು ಮುಂದಿನ ಬ್ರೇಕ್. ಹಿಡಿದರೆ ಲಿವರ್ ಕೈಯಲ್ಲಿ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡುತ್ತೆ. ಡ್ರಮ್ ಒಳಗೆ ಲೇತ್ ಹಾಕಿಸಿದ್ದೆ, ಆದರೆ ಯಾವಾಗ? ಬರಿ ಹಬ್ ಇದ್ದಾಗ, ಕಡ್ಡಿ ಕಟ್ಟುವ ಮುಂಚೆ. ಕಡ್ಡಿ ಬಿಗಿಯಾದಾಗ ಎಳೆತಕ್ಕೆ ಡ್ರಮ್ ಒಂದು ಎಳೆಯಷ್ಟು ಗುಂಡು ತಪ್ಪುತ್ತೆ. ಕಟ್ಟಿದ ಮೇಲೆ ಇಡೀ ವ್ಹೀಲನ್ನೇ ಲೇತ್‌ಗೆ ಹಾಕಬೇಕಿತ್ತು. ಇಲ್ಲಿ ನನಗೆ ಗೊತ್ತಿರುವವರ ಲೇತ್‌ನಲ್ಲಿ 18 ಇಂಚಿನ ರಿಮ್ ತಿರುಗಲ್ಲ, ಬೆಡ್ಡಿಗೆ ತಾಗುತ್ತೆ. ಭದ್ರಾವತಿಯಲ್ಲಿ ದೊಡ್ಡ ಲೇತ್ ಇರುವವರನ್ನು ಮೇಸ್ತ್ರಿ ಹೇಳಿದ್ದಾರೆ. ಮುಂದಿನ ಭಾನುವಾರ ವ್ಹೀಲ್ ಬಿಚ್ಚಿ ಗೆಳೆಯನ ಗಾಡಿಯಲ್ಲಿ ಹೊತ್ತುಕೊಂಡು ಹೋಗ್ತೀನಿ. ಭಾನುವಾರ ಲೇತ್ ತೆಗೆದಿರುತ್ತಾ ಅಂತ ಮಾತ್ರ ಇನ್ನೂ ಕೇಳಿಲ್ಲ.